ಎಲ್ಲ ಓದಿ ಮುಗಿಸಿಯೇ ಕೇಳಬೇಕಾ?

ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕಥೆ ಇದು, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಇವರು ಸಂಶೋಧನೆ ಮುಗಿಸಿ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದವರು. ನಿದ್ದೆ ಬರುತ್ತಿಲ್ಲ, ಕೆಲಸ ಬಿಟ್ಟುಬಿಡೋಣ ಅನಿಸುತ್ತಿದೆ ಅಂತ ಬಂದರು.

ಮಾತಾಡುತ್ತಾ ಗೊತ್ತಾಯಿತು, ಎಲ್ಲಾದರೂ ಸಿಕ್ಕಿಕೊಂಡರೆ ಇವರು ಯಾರನ್ನೂ ಕೇಳುವುದಿಲ್ಲ. ಮೊದಲು ಡೇಟಾಶೀಟ್ (ಬಿಡಿಭಾಗದ ವಿವರ ಪತ್ರ), ಆಮೇಲೆ ಸ್ಪೆಸಿಫಿಕೇಶನ್ (ನಿಯಮ, ಮಿತಿಗಳ ದಾಖಲೆ), ಹಳೇ ರಿಪೋರ್ಟುಗಳು, ರಾತ್ರಿ ಮನೆಯಲ್ಲಿ ಮತ್ತೆ ಹುಡುಕಾಟ. "ಅರ್ಧಂಬರ್ಧ ತಿಳ್ಕೊಂಡು ಕೇಳಿದ್ರೆ, ಇಷ್ಟೂ ಗೊತ್ತಿಲ್ವಾ ಅಂತಾರೆ" ಅನ್ನೋ ಭಯ.

ಈ ಸಲ ಐ-ಟು-ಸಿ ಬಸ್‌ನಲ್ಲಿದ್ದ, ಅಂದರೆ ಚಿಪ್‌ಗಳು ಮಾತಾಡಿಕೊಳ್ಳುವ ಎರಡು ತಂತಿಗಳ ಜೋಡಣೆಯಲ್ಲಿದ್ದ, ಒಂದು ಸೆನ್ಸರ್ ಆಗಾಗ ಕೈಕೊಡುತ್ತಿತ್ತು. ಬಸ್‌ನ ಕೆಪಾಸಿಟೆನ್ಸ್ (ತಂತಿ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವ ಗುಣ) 400 ಪಿಕೋಫ್ಯಾರಡ್ ದಾಟಬಾರದು ಅನ್ನೋದನ್ನೂ ಓದಿದ್ದರು, ಆದರೆ ತಪ್ಪು ಸಾಫ್ಟ್‌ವೇರ್‌ನಲ್ಲೇ ಇದೆ ಅಂತ ದಿನಗಟ್ಟಲೆ ಕೋಡ್ ಕೆದಕುತ್ತಾ ಕೂತರು. ಕೊನೆಗೆ ಪಕ್ಕದ ಟೇಬಲ್‌ನವರೇ, "ಉದ್ದದ ಕೇಬಲ್ ಹಾಕಿದ್ವಲ್ಲ, ಅದರಲ್ಲೇ ಟೆಸ್ಟ್ ಮಾಡ್ತಿದೀರಾ?" ಅಂದರು. ಕೇಬಲ್ ಉದ್ದವಾದಷ್ಟೂ ಕೆಪಾಸಿಟೆನ್ಸ್ ಜಾಸ್ತಿ, ಸಿಗ್ನಲ್ ಏರೋದು ನಿಧಾನ, ಸೆನ್ಸರ್ ಕೈಕೊಡುತ್ತಿದ್ದದ್ದು ಅದಕ್ಕೇ. ಸಮಸ್ಯೆ ಮುಗಿಯಿತು. ಇವರಿಗೆ ಸಮಾಧಾನ ಆಗಲಿಲ್ಲ, ನಾಚಿಕೆ ಆಯಿತು.

ನಾನು ಹೇಳಿದ್ದು ಇಷ್ಟೇ. 400 ಅನ್ನೋ ಮಿತಿ ಕಾಗದದಲ್ಲಿ ಸಿಗುತ್ತೆ, ಕೇಬಲ್ ಬದಲಾದದ್ದು ಅದನ್ನು ಬದಲಿಸಿದವರ ತಲೆಯಲ್ಲಿ ಇರುತ್ತೆ. ಅದಕ್ಕೆ ಎಷ್ಟು ಓದಿದರೂ ಸಾಲದು.

ಇವರ ಅಭ್ಯಾಸ ವಿಚಿತ್ರವೇನಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರೊಫೆಸರ್ ಥಾಮಸ್ ಅಲೆನ್ ಇದನ್ನೇ ವರ್ಷಗಟ್ಟಲೆ ನೋಡಿದವರು. ವಿಜ್ಞಾನಿಗಳು ಪ್ರಕಟವಾದ ಬರಹವನ್ನು ಹೆಚ್ಚು ನೆಚ್ಚುತ್ತಾರೆ, ಎಂಜಿನಿಯರ್‌ಗಳು ಜೊತೆಯವರನ್ನು. ಇವರು ಮೊದಲ ಗುಂಪಿನ ರೂಢಿ ಹೊತ್ತು ಎರಡನೆಯದಕ್ಕೆ ಬಂದಿದ್ದರು. ಗರ್ಸ್ಟ್‌ಬರ್ಗರ್ ಅನ್ನೋ ಸಂಶೋಧಕರ ಜೊತೆ ಅಲೆನ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಜಿನಿಯರ್‌ಗಳು ಮೊದಲು ಹೋಗೋದು ಒಳ್ಳೆಯ ಮಾಹಿತಿ ಇರುವ ಕಡೆಗಲ್ಲ, ಸುಲಭವಾಗಿ ಸಿಗುವ ಕಡೆಗೆ ಅಂತ ಕಂಡಿತ್ತು. ಟೇಬಲ್‌ಗಳ ನಡುವಿನ ದೂರ ಸುಮಾರು 50 ಮೀಟರ್ ದಾಟಿದರೆ ಕೆಲಸದ ಮಾತು ತೀರಾ ಕಡಿಮೆ ಆಗುತ್ತೆ ಅಂತಲೂ ಅಲೆನ್ ತೋರಿಸಿದರು. ಇವರಿಗೆ ಪಕ್ಕದ ಟೇಬಲ್ಲೇ ಅಷ್ಟು ದೂರ ಆಗಿತ್ತು. ಡೇಟಾಶೀಟ್ ಯಾರನ್ನೂ ಅಳೆಯಲ್ಲ ಅಲ್ವಾ, ಅದಕ್ಕೇ ಅದು ಹತ್ತಿರ.

ಓದೋದನ್ನು ಬಿಡಿ ಅಂತ ನಾನು ಹೇಳಲಿಲ್ಲ. ಓದದೆ ಹೋಗಿ ಕೇಳೋರು ಜೊತೆಯವರ ಸಮಯ ತಿಂತಾರೆ, ಅದು ನನಗೂ ಇಷ್ಟವಿಲ್ಲ. ಆದರೆ ಉತ್ತರ ಸಿಗುವ ತನಕ ಅಲ್ಲ, ಪ್ರಶ್ನೆ ಸ್ಪಷ್ಟವಾಗುವ ತನಕ ಓದಿ ಅಂದೆ. ಅರ್ಧ ದಿನದ ಗಡಿ ಹಾಕಿಕೊಳ್ಳಿ. ಏನು ಕಂಡಿತು, ಏನು ಮಾಡಿ ನೋಡಿದೆ, ಎಲ್ಲಿ ನಿಂತೆ ಅಂತ ನಾಲ್ಕು ಸಾಲು ಬರೆದುಕೊಂಡು ಹೋಗಿ. "ಇತ್ತೀಚೆಗೆ ಏನಾದರೂ ಬದಲಾಗಿದೆಯಾ?" ಅಂತ ಮರೆಯದೆ ಕೇಳಿ. ನಾನೇ ಸಿಡುಕಿನ ಸೀನಿಯರ್ ಆಗಿ ಕೂತು ಅವರ ಕೈಯಲ್ಲಿ ಕೇಳಿಸಿದೆ. ಮೊದಲ ಸಲ ಕ್ಷಮೆ ಕೇಳುತ್ತಲೇ ಶುರು ಮಾಡಿದರು, ಅದನ್ನು ತೆಗೆಸಿದೆ.

ಮುಂದಿನ ಭೇಟಿಗೆ ಮುಖ ಸಪ್ಪೆ ಮಾಡಿಕೊಂಡು ಬಂದರು. ಸೀನಿಯರ್ ಒಬ್ಬರು, "ಡಾಕ್ಯುಮೆಂಟ್ ನೋಡ್ರಿ" ಅಂತ ರೇಗಿದ್ದರಂತೆ. ಅಂಥವರು ಇರ್ತಾರೆ, ಅವರನ್ನು ಬಿಡಿ ಅಂದೆ. ಪ್ರತಿ ತಂಡದಲ್ಲೂ ಎಲ್ಲರೂ ಹುಡುಕಿಕೊಂಡು ಹೋಗುವ ಒಬ್ಬಿಬ್ಬರು ಇರ್ತಾರೆ. ಯಾರ ಟೇಬಲ್ ಹತ್ತಿರ ಜನ ಜಾಸ್ತಿ ನಿಲ್ತಾರೆ ಅಂತ ಒಂದು ವಾರ ಸುಮ್ನೆ ಗಮನಿಸಿ, ಮುಂದಿನ ಪ್ರಶ್ನೆ ಅಲ್ಲಿಗೇ ತಗೊಂಡು ಹೋಗಿ ಅಂತ ಹೇಳಿ ಕಳಿಸಿದ್ದೇನೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಕೆಲಸ ಬಿಡುವ ಮಾತು ಸದ್ಯಕ್ಕೆ ಬಂದಿಲ್ಲ.