ಓದುಗರ ಪ್ರಶ್ನೆ: 212ನೇ ಪುಟದಲ್ಲಿ ನಿಂತ ಬಸ್ ಟಿಕೆಟ್

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 38 ವರ್ಷ. ಶಿವಮೊಗ್ಗದಲ್ಲಿ ಮನೆ, ಭದ್ರಾವತಿಯಲ್ಲಿ ಬ್ಯಾಂಕ್ ಕೆಲಸ. ಚಿಕ್ಕಂದಿನಿಂದ ಪುಸ್ತಕದ ಹುಚ್ಚು. ಊಟದ ತಟ್ಟೆ ಪಕ್ಕ ಪುಸ್ತಕ ಇಟ್ಟುಕೊಂಡು ಅಮ್ಮನ ಹತ್ತಿರ ಬೈಸಿಕೊಂಡವಳು. ಹೋದ ವರ್ಷ ಗೆಳತಿಯರೆಲ್ಲ ಸೇರಿ ವರ್ಷಕ್ಕೆ 52 ಪುಸ್ತಕ ಓದೋಣ ಅಂತ ಶುರು ಮಾಡಿದೆವು. 19 ಮುಗಿಸಿದೆ. ಆಮೇಲೆ 'ಮಲೆಗಳಲ್ಲಿ ಮದುಮಗಳು' ಹಿಡಿದೆ. 212ನೇ ಪುಟಕ್ಕೆ ನಿಂತುಬಿಟ್ಟಿದ್ದೇನೆ. ಐದು ತಿಂಗಳಾಯಿತು. ಗುರುತಿಗೆ ಇಟ್ಟ ಬಸ್ ಟಿಕೆಟ್ಟಿನ ಅಕ್ಷರವೂ ಮಾಸಿಹೋಗಿದೆ. ಬೇರೆ ಪುಸ್ತಕ ತೆಗೆಯೋಣ ಎಂದರೆ, ಅದೇ ಮುಗಿದಿಲ್ಲವಲ್ಲ ಅಂತ ಮನಸ್ಸು ಚುಚ್ಚುತ್ತದೆ. ಕೊನೆಗೆ ಫೋನ್ ನೋಡುತ್ತಾ ಮಲಗುತ್ತೇನೆ. ನನಗೆ ಇನ್ನು ಓದೋಕೆ ಆಗೋದೇ ಇಲ್ವಾ?
– ಓದುಗಿ, ಶಿವಮೊಗ್ಗ

ಉತ್ತರ: ಖಂಡಿತ ಆಗುತ್ತದೆ. ಐದು ತಿಂಗಳಾದರೂ ನಿಂತ ಪುಟದ ನಂಬರ್ ನಿಮಗೆ ನೆನಪಿದೆ. ಪುಸ್ತಕದ ಆಸೆ ಬಿಟ್ಟುಹೋದವರಿಗೆ ಅದು ನೆನಪಿರುವುದಿಲ್ಲ.

ಇವತ್ತು ಸಂಜೆ ಆ ಟಿಕೆಟ್ ತೆಗೆದುಬಿಡಿ. ಪುಸ್ತಕವನ್ನು ಕಪಾಟಿನಲ್ಲಿಡಿ. ಅದು 1967ರಲ್ಲಿ ಬಂದ ಪುಸ್ತಕ, ಇನ್ನೂ ನಾಲ್ಕು ವರ್ಷ ನಿಮಗಾಗಿ ಕಾಯುವುದು ಅದಕ್ಕೆ ಕಷ್ಟವಲ್ಲ.

ನಾನು 31 ವರ್ಷ ತಾಲ್ಲೂಕಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ಓದದೆ ವಾಪಸ್ ತಂದವರು ಕೌಂಟರ್ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ನಾನೇನೂ ಕೇಳದಿದ್ದರೂ "ಆಗಲಿಲ್ಲ ಮೇಡಂ" ಎನ್ನುತ್ತಿದ್ದರು. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಒಂದೇ ಕಾದಂಬರಿಯನ್ನು ಆರು ವರ್ಷದಲ್ಲಿ ಮೂರು ಸಲ ಒಯ್ದರು. ಪುಸ್ತಕದ ಕೊನೆಗೆ ಅಂಟಿಸಿದ ಚೀಟಿಯಲ್ಲಿ ಅವರು ಒಯ್ದ ಮೂರೂ ಸಲದ ತಾರೀಕು ಇತ್ತು. ಮೊದಲಿನ ಎರಡು ನೇರಳೆ ಶಾಯಿಯಲ್ಲಿ, ಮೂರನೆಯದು ಕೆಂಪಿನಲ್ಲಿ. ಆ ತಿಂಗಳು ನಮಗೆ ನೇರಳೆ ಸಿಕ್ಕಿರಲಿಲ್ಲ. ಎರಡು ಸಲ ಅರ್ಧಕ್ಕೇ ತಂದು ಕೊಟ್ಟಿದ್ದರು. ಮೂರನೇ ಸಲ 15 ದಿನದ ಗಡುವು ಇನ್ನೂ ಇರುವಾಗಲೇ, ಒಂಬತ್ತನೇ ದಿನ ತಂದರು. "ಇಷ್ಟು ದಿನ ಇದು ನನಗೆ ಗೊತ್ತೇ ಆಗಿರಲಿಲ್ಲವಲ್ಲ" ಎಂದು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ನಮ್ಮ ವೃತ್ತಿಯವರಿಗೆ ಎಸ್. ಆರ್. ರಂಗನಾಥನ್ ಅವರೇ ಗುರು. 1962ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಕೇಂದ್ರ ಶುರು ಮಾಡಿದವರು, ಕೊನೆಯ ವರ್ಷಗಳನ್ನೂ ಅಲ್ಲೇ ಕಳೆದರು. 1931ರಲ್ಲಿ ಅವರು ಹೇಳಿದ ಐದು ಸೂತ್ರಗಳು ನಮಗೆಲ್ಲ ಬಾಯಿಪಾಠ. ಪುಸ್ತಕ ಇರುವುದು ಬಳಸುವುದಕ್ಕೆ. ಪ್ರತಿ ಓದುಗರಿಗೂ ಅವರ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗರು. ಓದುಗರ ಸಮಯ ಉಳಿಸಿ. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ. ಹಿಡಿದದ್ದನ್ನು ಮುಗಿಸಲೇಬೇಕು ಅಂತ ಐದರಲ್ಲಿ ಎಲ್ಲೂ ಇಲ್ಲ, ನೋಡಿ.

ನಿಮಗೆ ಅಡ್ಡ ಬಂದಿರುವುದು ಫೋನ್ ಅಂತ ನನಗೆ ಅನ್ನಿಸುವುದಿಲ್ಲ. ಆ 52 ಅಡ್ಡ ಬಂದಿದೆ. ಹಗಲೆಲ್ಲ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡುತ್ತೀರಿ. ಮನೆಗೆ ಬಂದು ಪುಸ್ತಕಕ್ಕೂ ಲೆಕ್ಕ ಬರೆದರೆ ಅದೂ ಆಫೀಸೇ ಆಗಿಬಿಡುತ್ತದೆ ಅಲ್ವಾ? ಅದರಲ್ಲೂ ನೀವು ಹಿಡಿದದ್ದು ಏಳುನೂರು ಪುಟ ದಾಟುವ ಕಾದಂಬರಿ. ಅದಕ್ಕೆ ಒಬ್ಬ ನಾಯಕ, ಒಬ್ಬಳು ನಾಯಕಿ ಅಂತ ಇಲ್ಲ. ಗುಡಿಸಲಿನವರು, ದೊಡ್ಡ ಮನೆಯವರು, ಆಳುಗಳು, ನಾಯಿ, ಕಾಡು, ಮಳೆ ಎಲ್ಲಕ್ಕೂ ಅಲ್ಲಿ ಜಾಗ ಇದೆ. ಯಾರು ಯಾರ ಕಡೆಯವರು ಅಂತ ಗೊತ್ತಾಗುವುದಕ್ಕೇ ನಿಧಾನವಾಗಿ ಅಲ್ಲಿ ಓಡಾಡಬೇಕು. ಮಲೆನಾಡಿನ ಮಳೆಗಾಲದ ರಜೆಯಲ್ಲಿ, ಊಟ ಮಾಡಿ ಗೋಡೆಗೆ ಒರಗಿ ಕೂತು ಓದುವಂಥದ್ದು. ವಾರಕ್ಕೊಂದರ ಓಟದಲ್ಲಿ ಅದು ನಿಮಗೆ ದಕ್ಕದೆ ಹೋದದ್ದು ನಿಮ್ಮ ತಪ್ಪಲ್ಲ, ಪುಸ್ತಕದ ತಪ್ಪೂ ಅಲ್ಲ. ಗೆಳತಿಯರಿಗೆ ನಾನು ಲೆಕ್ಕ ಬಿಟ್ಟೆ ಅಂತ ಹೇಳಿಬಿಡಿ. ಗೆಳೆತನ ಇರಲಿ.

ನನಗೂ ಹೀಗಾಗಿತ್ತು. ನನ್ನವರು ತೀರಿಕೊಂಡ ವರ್ಷ ಒಂದೇ ಒಂದು ಪುಸ್ತಕ ಓದಲಾಗಲಿಲ್ಲ. ಒಂದು ಪುಟವನ್ನು ಮೂರು ಸಲ ಓದಿದರೂ ಒಳಗೆ ಇಳಿಯುತ್ತಿರಲಿಲ್ಲ. ಸುತ್ತ ಸಾವಿರಾರು ಪುಸ್ತಕ, ನಡುವೆ ನಾನು ಸುಮ್ನೆ ಕೂತಿರುತ್ತಿದ್ದೆ. ಎಂಟು ತಿಂಗಳ ಮೇಲೆ ಸಾಗರದಲ್ಲಿ ಅಪ್ಪಯ್ಯನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಸ್ವಲ್ಪ ದಿನ ಓದಬಾರದು ಎಂದಿದ್ದರು. ಅವರಿಗೆ ಅದು ಉಪವಾಸಕ್ಕಿಂತ ಹೆಚ್ಚು. "ಅಟ್ಟದ ಮೇಲೆ ಕಸ್ತೂರಿ ಕಟ್ಟು ಉಂಟು, ತಗಂಡು ಬಾ" ಎಂದರು. ಹಳೆಯ 'ಕಸ್ತೂರಿ' ಮಾಸಪತ್ರಿಕೆಗಳ ಕಟ್ಟು ಅದು. ಗೋಣಿದಾರ ಬಿಚ್ಚಿದರೆ ಧೂಳು, ಜಿರಳೆ ತಿಂದ ಅಂಚು. ಉದ್ದದ ಲೇಖನ ಓದುವ ಚೈತನ್ಯ ನನಗಿರಲಿಲ್ಲ. ಪುಟದ ಕೊನೆಯಲ್ಲಿ ಜಾಗ ತುಂಬಲು ಹಾಕುತ್ತಿದ್ದ ನಾಲ್ಕು ಸಾಲಿನ ತುಣುಕುಗಳನ್ನಷ್ಟೇ ಓದಿದೆ. ಅವರು ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು. ನಾಲ್ಕನೇ ದಿನ ಒಂದು ಕಥೆ ಶುರು ಮಾಡಿ, ಗಂಟಲು ಒಣಗಿ ಅರ್ಧಕ್ಕೆ ನಿಲ್ಲಿಸಿದೆ. "ಅಲ್ಲಿ ನಿಲ್ಲಿಸ್ತಾರನೇ ಮಾರಾಯ್ತಿ?" ಎಂದರು. ಆ ರಾತ್ರಿ ಅವರು ಮಲಗಿದ ಮೇಲೆ ಅಡುಗೆಮನೆ ದೀಪದಲ್ಲಿ ಉಳಿದದ್ದನ್ನು ನಾನೇ ಓದಿ ಮುಗಿಸಿದೆ. ಎಂಟು ತಿಂಗಳಲ್ಲಿ ಮುಂದೇನಾಯಿತು ಅಂತ ನನಗೆ ಅನ್ನಿಸಿದ್ದು ಅದೇ ಮೊದಲು.

ಅದಕ್ಕೇ ಹೇಳುತ್ತೇನೆ, ಜ್ವರ ಬಿಟ್ಟವರಿಗೆ ಮೊದಲು ಗಂಜಿ. ಹೋಳಿಗೆ ಆಮೇಲೆ. ನೀವು ಹಿಂದೆ ಓದಿ ಖುಷಿಪಟ್ಟ ಪುಸ್ತಕವನ್ನೇ ಮತ್ತೆ ತೆಗೆಯಿರಿ, ಯಾವ ಪುಟದಿಂದಲಾದರೂ ಸರಿ. ಇಲ್ಲವೇ ಸಣ್ಣ ಕಥೆ. ಕಾದಂಬರಿಯೇ ಬೇಕು ಅನ್ನಿಸಿದರೆ 1980ರ 'ಕರ್ವಾಲೊ' ಇದೆ. ತೆಳ್ಳಗಿನ ಪುಸ್ತಕ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುತ್ತದೆ. ಹಾರುವ ಓತಿಯ ಹಿಂದೆ ಕಾಡಿಗೆ ಹೊರಟವರ ಜೊತೆ ನೀವೂ ಹೊರಟುಬಿಡುತ್ತೀರಿ. ಭದ್ರಾವತಿ ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ತೆರೆಯಿರಿ. ಆರು ಪುಟವಾದರೆ ಆರು, ಎರಡಾದರೆ ಎರಡು. ಬಸ್ಸಿನಲ್ಲಿ ಓದಿದರೆ ತಲೆ ಸುತ್ತುವವರಾದರೆ ಬೆಳಿಗ್ಗೆ ಕಾಫಿಯ ಜೊತೆ ಓದಿ. ರಾತ್ರಿ ಫೋನನ್ನು ಹಾಲ್‌ನಲ್ಲೇ ಚಾರ್ಜಿಗೆ ಹಾಕಿ ಮಲಗಿ. ಕೈಗೆ ಸಿಕ್ಕಿದ್ದನ್ನು ಕೈ ಹಿಡಿಯುತ್ತದೆ, ದಿಂಬಿನ ಪಕ್ಕ ಪುಸ್ತಕ ಇರಲಿ.

ಮನೆ ಹತ್ತಿರದ ಗ್ರಂಥಾಲಯಕ್ಕೂ ಒಮ್ಮೆ ಹೋಗಿ ಬನ್ನಿ. ಏನು ಬೇಕು ಅಂತ ಮೊದಲೇ ಯೋಚಿಸಬೇಡಿ. ಕಪಾಟಿನ ಮುಂದೆ ನಿಂತು ನಾಲ್ಕು ಪುಸ್ತಕ ತೆಗೆದು, ನಡುವಿನ ಒಂದು ಪುಟ ಓದಿ. ಯಾವುದರ ಮುಂದಿನ ಪುಟ ತಿರುಗಿಸಬೇಕು ಅನ್ನಿಸುತ್ತದೋ ಅದನ್ನು ಮನೆಗೆ ತನ್ನಿ.

ಪ್ರಶ್ನೆ: ಓದಿದ್ದು ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಹಾಗಾದರೆ ಓದಿ ಏನು ಪ್ರಯೋಜನ?
– ನಿವೃತ್ತ ಮೇಷ್ಟ್ರು, ಅರಸೀಕೆರೆ

ಉತ್ತರ: ಮೇಷ್ಟ್ರೇ, ಹೋದ ತಿಂಗಳು ಇದೇ ದಿನ ಏನು ಊಟ ಮಾಡಿದಿರಿ ಅಂತ ಕೇಳಿದರೆ ಹೇಳುತ್ತೀರಾ? ನೀವೀಗ ಪರೀಕ್ಷೆ ಬರೆಯಬೇಕಿಲ್ಲ, ಬರೆಸಬೇಕಾಗಿಯೂ ಇಲ್ಲ. ಓದುವಾಗ ಎಲ್ಲಾದರೂ ನಿಂತು ಕಿಟಕಿಯಾಚೆ ನೋಡಿದ ಜಾಗ ಇದ್ದರೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡಿ. ನಿಮ್ಮದೇ ಪುಸ್ತಕವಾದರೆ ಮಾತ್ರ. ಗ್ರಂಥಾಲಯದ್ದಕ್ಕೆ ಬೇಡ.