ಹುಡುಗರು ಯಾವ ವಯಸ್ಸಿಗೆ ಬೆಳೆಯೋದು ನಿಲ್ಲಿಸ್ತಾರೆ? ಅಲ್ಲಿವರೆಗೆ ಬಟ್ಟೆ ಹೇಗೆ ಕೊಳ್ಳೋದು?

ಮಗನಿಗೆ 14 ತುಂಬಿದೆ, ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ಪ್ಯಾಂಟು ದಸರಾ ರಜೆ ಹೊತ್ತಿಗೆ ಕಾಲಿನ ಗಿಣ್ಣು ಬಿಟ್ಟು ಮೇಲೆ ಹೋಗಿದೆ, ಇದು ಯಾವಾಗ ನಿಲ್ಲುತ್ತೆ, ಎರಡು ಸೈಜ್ ದೊಡ್ಡದೇ ತಂದುಬಿಡಲಾ ಅಂತ ಕೇಳಿದ್ದೀರಿ. ಇದೇ ಮಾತನ್ನು ತುಮಕೂರಿನ ನನ್ನ ಅಂಗಡಿ ಮುಂದೆ ನಿಂತು ತಾಯಂದಿರು ಇಪ್ಪತ್ತು ವರ್ಷದಿಂದ ಕೇಳ್ತಾ ಬಂದಿದ್ದಾರೆ. ನಾನು ಡಾಕ್ಟರ್ ಅಲ್ಲ, ಟೈಲರ್. ಎರಡು ಗಂಡುಮಕ್ಕಳ ಅಪ್ಪ ಕೂಡ. ಆ ಲೆಕ್ಕದಲ್ಲಿ ಓದಿಕೊಳ್ಳಿ.

ಎರಡು ಸೈಜ್ ದೊಡ್ಡದು ಖಂಡಿತ ಬೇಡ. ಈ ವಯಸ್ಸಿನ ಹುಡುಗ ಅದನ್ನು ಹಾಕಿಕೊಳ್ಳುವುದೇ ಇಲ್ಲ. ಬೀರುವಿನಲ್ಲಿ ಇಟ್ಟಿರುತ್ತಾನೆ. ನೀವು ನೆನಪು ಮಾಡಿಕೊಂಡು ತೆಗೆಯುವಷ್ಟರಲ್ಲಿ ಅದೂ ಚಿಕ್ಕದಾಗಿರುತ್ತೆ.

ನನ್ನ ಹತ್ತಿರ ಹಳೇ ಅಳತೆ ಪುಸ್ತಕಗಳಿವೆ. ಒಬ್ಬ ಹುಡುಗನ ಲೆಕ್ಕ ಹೇಳುತ್ತೇನೆ. ಎಂಟನೇ ಕ್ಲಾಸಿನಲ್ಲಿ ಪ್ಯಾಂಟಿನ ಉದ್ದ 35 ಇಂಚು, ಒಂಬತ್ತರಲ್ಲಿ 37 ಮುಕ್ಕಾಲು, ಹತ್ತರಲ್ಲಿ 39, ಪಿಯುಸಿಯ ಎರಡೂ ವರ್ಷ 39 ಮುಕ್ಕಾಲು. ಉದ್ದ ಅಲ್ಲಿಗೆ ನಿಂತಿತು. ಆದರೆ ಭುಜ ನೋಡಿ. ಹತ್ತನೇ ಕ್ಲಾಸಿನಲ್ಲಿ 15 ಮುಕ್ಕಾಲು ಇದ್ದದ್ದು ಪಿಯುಸಿ ಮುಗಿಯುವಾಗ 17 ಕಾಲು. ಸೊಂಟ 26ರಿಂದ 30. ಮೊದಲು ಉದ್ದ, ಆಮೇಲೆ ಅಗಲ. ಹೆಚ್ಚು ಕಮ್ಮಿ ಎಲ್ಲರ ಪುಟವೂ ಹೀಗೇ ಇದೆ, ವಯಸ್ಸು ಮಾತ್ರ ಒಂದೆರಡು ವರ್ಷ ಹಿಂದೆ ಮುಂದೆ.

ವೈದ್ಯರು ಹೇಳುವುದೂ ಇದಕ್ಕೆ ಹೊಂದುತ್ತೆ. ಚಿಕ್ಕವರಿದ್ದಾಗ ಮಕ್ಕಳು ವರ್ಷಕ್ಕೆ 5-6 ಸೆಂಟಿಮೀಟರ್ ಬೆಳೆಯುತ್ತಾರೆ. ಹುಡುಗರು 13-14ರ ಆಸುಪಾಸಿನಲ್ಲಿ ಒಂದೇ ವರ್ಷಕ್ಕೆ 9-10 ಸೆಂಟಿಮೀಟರ್ ಎದ್ದುಬಿಡುತ್ತಾರೆ. ಹುಡುಗಿಯರಿಗೆ ಇದು ಎರಡು ವರ್ಷ ಮೊದಲೇ ಬರುತ್ತೆ. ಅದಕ್ಕೇ ಏಳನೇ ಕ್ಲಾಸಿನ ಗುಂಪು ಫೋಟೋದಲ್ಲಿ ಹುಡುಗಿಯರೇ ಎತ್ತರ. ಹದಿನಾರರ ಮೇಲೆ ವೇಗ ಇಳಿಯುತ್ತೆ, ಹದಿನೆಂಟಕ್ಕೆ ಬಹುತೇಕರದು ಮುಗಿದಿರುತ್ತೆ. ತಡವಾಗಿ ಶುರುವಾದವರು ಇಪ್ಪತ್ತರವರೆಗೂ ಸ್ವಲ್ಪ ಸ್ವಲ್ಪ ಬೆಳೆಯುವುದುಂಟು. ಅಂಥವರ ಅಪ್ಪನನ್ನು ಕೇಳಿದರೆ, "ನಾನೂ ಹತ್ತನೇ ಕ್ಲಾಸಿನಲ್ಲಿ ಮುಂದಿನ ಬೆಂಚಲ್ಲೇ ಕೂರ್ತಿದ್ದೆ" ಅನ್ನುತ್ತಾರೆ.

ಯಾಕೆ ನಿಲ್ಲುತ್ತೆ ಅಂತ ನನಗೆ ಗೊತ್ತಾಗಿದ್ದು ದೊಡ್ಡ ಮಗ ಸೈಕಲ್‌ನಿಂದ ಬಿದ್ದಾಗ. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಹತ್ತಿರ ಮೂಳೆಗೆ ಅಡ್ಡಲಾಗಿ ಕಪ್ಪು ಗೆರೆ ಕಂಡು ಕೈ ಮುರಿದೇ ಹೋಯಿತು ಅಂದುಕೊಂಡೆ. ಡಾಕ್ಟರ್ ನಕ್ಕು, "ಅದು ಮುರಿದದ್ದಲ್ಲ, ಮೂಳೆ ಬೆಳೆಯೋ ಜಾಗ" ಅಂದರು. ಅಲ್ಲಿ ಮೆದು ಮೂಳೆ ಇರುತ್ತೆ, ಅದು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಹರೆಯದ ಹಾರ್ಮೋನುಗಳು ಮೊದಲು ಬೆಳವಣಿಗೆಗೆ ವೇಗ ಕೊಟ್ಟು, ಕೊನೆಗೆ ಆ ಜಾಗವನ್ನು ಗಟ್ಟಿ ಮಾಡಿ ಮುಚ್ಚುತ್ತವಂತೆ. ಮುಚ್ಚಿದ ಮೇಲೆ ಕಂಬಿಗೆ ನೇತಾಡಿದರೂ ಅಷ್ಟೇ, ಟಿವಿಯಲ್ಲಿ ತೋರಿಸುವ ಪುಡಿ ಡಬ್ಬಿಗಟ್ಟಲೆ ಕುಡಿಸಿದರೂ ಅಷ್ಟೇ. ಆ ದುಡ್ಡಿಗೆ ಮೊಟ್ಟೆ, ಹಾಲು ತನ್ನಿ. ಮುದ್ದೆ ಹೇಗೂ ಮನೆಯಲ್ಲಿದ್ದೇ ಇರುತ್ತೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದ ಅಂಶ ಇದೆ.

ಎಷ್ಟು ಎತ್ತರ ಆಗಬಹುದು ಅನ್ನುವುದಕ್ಕೆ ಒಂದು ಅಂದಾಜು ಲೆಕ್ಕ ಇದೆ. ಅಪ್ಪ ಅಮ್ಮನ ಎತ್ತರ ಸೆಂಟಿಮೀಟರ್‌ನಲ್ಲಿ ಕೂಡಿ, ಹುಡುಗನಾದರೆ 13 ಸೇರಿಸಿ, ಎರಡರಿಂದ ಭಾಗಿಸಿ. ಅಪ್ಪ 170, ಅಮ್ಮ 155 ಇದ್ದರೆ ಮಗ 169ರ ಹತ್ತಿರ. ಎಂಟು ಹತ್ತು ಸೆಂಟಿಮೀಟರ್ ಆಚೀಚೆ ಆಗಬಹುದು, ಅದೇನೂ ವಿಧಿಬರಹ ಅಲ್ಲ.

ಇನ್ನು ನಾನು ನಂಬುವ ಗುರುತು ಒಂದಿದೆ. ಹುಡುಗ ಅಳತೆಗೆ ಬಂದರೆ ನಾನು ಮೊದಲು ಕೇಳುವುದು ಶೂ ಸೈಜ್. ಪಾದ ಎಲ್ಲಕ್ಕಿಂತ ಮೊದಲು ಬೆಳೆಯುತ್ತೆ, ಮೊದಲು ನಿಲ್ಲುವುದೂ ಅದೇ. "ಈ ವರ್ಷ ಎರಡು ಸಲ ಶೂ ತಂದ್ವಿ ಅಣ್ಣ" ಅಂದರೆ ಕಾಲಿನ ಹತ್ತಿರ ಮೂರು ಇಂಚು ಬಟ್ಟೆ ಒಳಗೆ ಮಡಚಿ ಬಿಡುತ್ತೇನೆ. ಒಂದು ವರ್ಷದಿಂದ ಅದೇ ನಂಬರ್ ಅಂದರೆ ಒಂದೂವರೆ ಸಾಕು.

ಇದನ್ನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಗುಬ್ಬಿಯಲ್ಲಿ ಅಕ್ಕನ ಮಗಳ ಮದುವೆ. ಸೀಸನ್‌ನಲ್ಲಿ ಪುರುಸೊತ್ತು ಸಿಗಲ್ಲ ಅಂತ ದೊಡ್ಡವನ ಪ್ಯಾಂಟು ಮೂರು ತಿಂಗಳು ಮುಂಚೆಯೇ ಹೊಲಿದಿಟ್ಟೆ. ಕ್ಲೀನಾಗಿ ಕಾಣಲಿ ಅಂತ ಒಳಗೆ ಅರ್ಧ ಇಂಚು ಮಾತ್ರ ಬಿಟ್ಟಿದ್ದೆ. ಮದುವೆ ದಿನ ಬೆಳಿಗ್ಗೆ ಹಾಕಿದರೆ ಸಾಕ್ಸ್ ಪೂರ್ತಿ ಕಾಣುತ್ತೆ! ಊಟದ ಪಂಕ್ತಿಯಲ್ಲಿ ಭಾವ ಗಟ್ಟಿಯಾಗಿ, "ಟೈಲರ್ ಮಗನಿಗೇ ಬಟ್ಟೆ ಸಾಲದೇ ಹೋಯ್ತಾ?" ಅಂದರು. ಎಲೆ ಬಿಟ್ಟು ಏಳುವ ಹಾಗೂ ಇಲ್ಲ.

ಹಾಗಾಗಿ ಹೊಲಿಸುವಾಗ ಬಾಯಿಬಿಟ್ಟು ಕೇಳಿ. ಕಾಲಿನ ಹತ್ತಿರ ಎಷ್ಟು ಬಿಡುತ್ತೀರಿ, ಸೊಂಟದ ಹಿಂದಿನ ಹೊಲಿಗೆಯಲ್ಲಿ ಎಷ್ಟು ಬಿಡುತ್ತೀರಿ ಅಂತ. ಹಿಂದೆ ಬಟ್ಟೆ ಇದ್ದರೆ ಎರಡು ಇಂಚು ಸೊಂಟ ಬಿಡಿಸಿಕೊಡಬಹುದು. ರೆಡಿಮೇಡ್ ತಗೊಂಡರೆ ಅಂಗಡಿಯಲ್ಲೇ ಪ್ಯಾಂಟನ್ನು ತಿರುವಿ ಹಾಕಿ ನೋಡಿ. ಜೀನ್ಸ್‌ನಲ್ಲಿ ಈ ಆಟ ನಡೆಯಲ್ಲ, ಅದರ ಹಿಂದಿನ ಹೊಲಿಗೆಯೊಳಗೆ ಬಿಡಿಸುವಷ್ಟು ಬಟ್ಟೆ ಇರುವುದಿಲ್ಲ. ಜೀನ್ಸ್ ಒಂದೋ ಎರಡೋ ಸಾಕು, ದುಬಾರಿಯದು ಬೇಡ. ಮನೆಗೆ ಲಾಡಿ ಇರುವ ಟ್ರ್ಯಾಕ್ ಪ್ಯಾಂಟು. ಗಾಢ ಬಣ್ಣದ ಪ್ಯಾಂಟಿನ ಮಡಿಕೆ ಬಿಚ್ಚಿದಾಗ ಒಳಗಿನ ಬಣ್ಣ ಮಾಸದೆ ಉಳಿದು ಗೆರೆ ಕಾಣುತ್ತೆ, ಅದಕ್ಕೆ ಟೈಲರನ್ನು ಬೈಯಬೇಡಿ. ಕಾಟನ್ ಆದರೆ ಹೊಲಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಮಗ ಬೆಳೆದ ಅಂತ ಖುಷಿಪಡುವಾಗ ಅರ್ಧ ಇಂಚು ಬಟ್ಟೆಯೇ ಕುಗ್ಗಿರುತ್ತೆ.

ಶರ್ಟು ಅರ್ಧ ತೋಳಿನದಾದರೆ ತೋಳು ಮೋಟಾಯಿತು ಅನ್ನುವ ಗೋಳೇ ಇಲ್ಲ. ಒಂದು ಸೈಜ್ ದೊಡ್ಡದು ಪರವಾಗಿಲ್ಲ, ಆದರೆ ಭುಜದ ಹೊಲಿಗೆ ಭುಜದ ಮೇಲೇ ಕೂರಬೇಕು. ಶೂ ಮಾತ್ರ ಸಂಜೆ ಹೊತ್ತು ಹಾಕಿ ನೋಡಿ, ಮುಂದೆ ಹೆಬ್ಬೆರಳಿನ ಅಗಲ ಜಾಗ ಇದ್ದರೆ ಸಾಕು. ಮದುವೆ ಮುಂಜಿಗೆ ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡು ಹೇಳುತ್ತೇನೆ, ಪಂಚೆ ಉಡಿಸಿ. ಉದ್ದ ಕಮ್ಮಿಯಾದರೆ ಸ್ವಲ್ಪ ಕೆಳಗೆ ಉಡಬಹುದು. ಈಗಿನ ಹುಡುಗರಿಗೆ ಅದು ಸ್ಟೈಲ್ ಕೂಡ ಅಲ್ವಾ?

ಒಂದು ವಿಷಯಕ್ಕೆ ಮಾತ್ರ ಡಾಕ್ಟರ್ ಹತ್ತಿರ ಹೋಗಿ. 14 ದಾಟಿದರೂ ಹರೆಯದ ಲಕ್ಷಣ ಒಂದೂ ಇಲ್ಲದಿದ್ದರೆ, ಅಥವಾ ಚಿಕ್ಕ ವಯಸ್ಸಿನಿಂದಲೂ ವರ್ಷಕ್ಕೆ 4 ಸೆಂಟಿಮೀಟರೂ ಬೆಳೆಯದಿದ್ದರೆ. ಮಣಿಕಟ್ಟಿನ ಎಕ್ಸ್‌ರೇ ನೋಡಿ ಇನ್ನೆಷ್ಟು ಬೆಳವಣಿಗೆ ಬಾಕಿ ಇದೆ ಅಂತ ಅವರು ಅಂದಾಜು ಮಾಡುತ್ತಾರೆ. ನಿಮ್ಮ ಮಗನಿಗೆ ಆ ತೊಂದರೆ ಇದ್ದ ಹಾಗೆ ಕಾಣಲ್ಲ. ಇನ್ನೆರಡು ವರ್ಷ ಮಡಿಕೆ ಬಿಚ್ಚಿಸೋಕೆ ರೆಡಿಯಾಗಿರಿ.

ನನ್ನ ಚಿಕ್ಕವನಿಗೆ ಈಗ 16. ವರ್ಷದಿಂದ 9ನೇ ನಂಬರ್ ಶೂ. ಇನ್ನು ನಿಂತ ಅಂದುಕೊಂಡು ಅವನ ಸೂಟಿಗೆ ಎಂ.ಜಿ. ರೋಡಿನಿಂದ ಬಟ್ಟೆ ತಂದಿಟ್ಟಿದ್ದೇನೆ. ಮೊನ್ನೆ ಭಾನುವಾರ ಕತ್ತರಿ ಕೈಗೆ ತಗೊಂಡಾಗ ಬಂದು, "ಅಪ್ಪಾ, ಶೂ ಯಾಕೋ ಬಿಗಿ" ಅಂದ. ಬಟ್ಟೆ ಮಡಚಿ ವಾಪಸ್ ಬೀರುವಿನಲ್ಲಿಟ್ಟೆ.