ಪುಡಿಹಾಲಿನ ಡಬ್ಬಿ ತಾಯಿಹಾಲನ್ನು ಹೊಗಳುವುದೇಕೆ?

ಪ್ರಶ್ನೆ: ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಹಾಲು ಸಾಲದೆಂದು ವೈದ್ಯರು ಬರೆದುಕೊಟ್ಟ ಪುಡಿಹಾಲಿನ ಡಬ್ಬಿಯ ಮೇಲೆ ‘ನಿಮ್ಮ ಮಗುವಿಗೆ ತಾಯಿಹಾಲೇ ಶ್ರೇಷ್ಠ’ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಮಾರುವವರೇ ಹೀಗೇಕೆ ಬರೆಯುತ್ತಾರೆ? ಅದನ್ನು ಕಂಡಾಗಲೆಲ್ಲ ಮಗಳು ಸಪ್ಪಗಾಗುತ್ತಾಳೆ.
— ಒಬ್ಬ ಓದುಗರು

ಉತ್ತರ: ಅದು ಕಂಪನಿಯವರು ಬರೆದದ್ದಲ್ಲ, ಅವರಿಂದ ಬರೆಸಿದ್ದು. ಶಿಶು ಆಹಾರ ಮತ್ತು ಹಾಲಿನ ಬಾಟಲಿಗಳ ಬಗ್ಗೆ ಭಾರತ 1992ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಆ ವಾಕ್ಯ ಡಬ್ಬಿಯ ನಡುಭಾಗದಲ್ಲಿ, 5 ಮಿಲಿಮೀಟರಿಗೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ ಇರಲೇಬೇಕು. ಮಗುವಿನ ಅಥವಾ ಹೆಂಗಸಿನ ಚಿತ್ರ ಇರಕೂಡದು.

ಈ ಒಂದು ಸಾಲಿನ ಹಿಂದೆ ಅರ್ಧ ಶತಮಾನದ ಜಗಳವಿದೆ. 1939ರಲ್ಲಿ ಸಿಂಗಪುರದಲ್ಲಿ ಡಾ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ, ಡಬ್ಬಿಹಾಲಿನ ದಾರಿತಪ್ಪಿಸುವ ಪ್ರಚಾರದಿಂದ ಸಾಯುವ ಶಿಶುಗಳ ಸಾವನ್ನು ಕೊಲೆಯೆಂದೇ ಎಣಿಸಬೇಕೆಂದು ರೋಟರಿ ಸಭೆಯಲ್ಲಿ ಹೇಳಿದರು. 1956ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಏಳು ಮಂದಿ ತಾಯಂದಿರು, ಹಾಲೂಡಿಸುವ ಬಗೆಯನ್ನು ಪರಸ್ಪರ ಕಲಿಸಿಕೊಳ್ಳಲೆಂದು ‘ಲಾ ಲೇಚೆ ಲೀಗ್’ ಕಟ್ಟಿದರು. ಸ್ಪ್ಯಾನಿಷ್‌ನಲ್ಲಿ ‘ಲೇಚೆ’ ಎಂದರೆ ಹಾಲು. ಆಗಿನ ಪತ್ರಿಕೆಗಳಲ್ಲಿ ‘ಮೊಲೆ’ ಎಂಬ ಪದವನ್ನು ಅಚ್ಚು ಹಾಕಿಸುವುದು ಕಷ್ಟವಾಗಿದ್ದರಿಂದ ಪರಭಾಷೆಯ ಹೆಸರಿನ ಮೊರೆಹೊಕ್ಕರು. (ನಾವೂ ‘ಎದೆಹಾಲು’ ಎಂದೇ ಅಲ್ಲವೇ ಬರೆಯುವುದು?)

ಜಗಳ ಕಾವೇರಿದ್ದು ಬಡದೇಶಗಳ ಹೆರಿಗೆ ಆಸ್ಪತ್ರೆಗಳ ವಿಷಯಕ್ಕೆ. ಕಂಪನಿಗಳ ಮಾರಾಟಗಾರ್ತಿಯರು ದಾದಿಯರ ಉಡುಪು ತೊಟ್ಟು ವಾರ್ಡಿಗೆ ಬಂದು ಪುಡಿಯ ಮಾದರಿಯನ್ನು ಬಿಟ್ಟಿಯಾಗಿ ಹಂಚುತ್ತಿದ್ದರು. ಮಗು ಚೀಪಿದಷ್ಟೂ ಹಾಲು ಇಳಿಯುತ್ತದೆ, ಚೀಪದಿದ್ದರೆ ಬತ್ತುತ್ತದೆ. ಆದ್ದರಿಂದ ಬಿಟ್ಟಿ ಪುಡಿ ಮುಗಿಯುವ ಹೊತ್ತಿಗೆ ತಾಯಿಯ ಹಾಲೂ ಬತ್ತಿರುತ್ತಿತ್ತು. ಮುಂದೆ ಕೊಂಡೇ ತೀರಬೇಕು, ಕೊಳ್ಳಲು ದುಡ್ಡಿಲ್ಲ. ಡಬ್ಬಿ ಹೆಚ್ಚು ದಿನ ಬರಲೆಂದು ಪುಡಿಗೆ ನೀರು ಹೆಚ್ಚು ಬೆರೆಸುವುದು, ಆ ನೀರೂ ಶುದ್ಧವಲ್ಲ, ಮಗುವಿಗೆ ಭೇದಿ. ಬ್ರಿಟನ್ನಿನ ‘ವಾರ್ ಆನ್ ವಾಂಟ್’ ಸಂಸ್ಥೆ 1974ರಲ್ಲಿ ಇದನ್ನು ಕಿರುಹೊತ್ತಗೆಯಾಗಿ ಹೊರತಂದಿತು. ಅದರ ಜರ್ಮನ್ ಅನುವಾದಕ್ಕೆ ‘ನೆಸ್ಲೆ ಶಿಶುಗಳನ್ನು ಕೊಲ್ಲುತ್ತದೆ’ ಎಂಬ ಹೆಸರಿಟ್ಟ ಸ್ವಿಸ್ ಗುಂಪಿನ ಮೇಲೆ, ಪುಡಿಹಾಲು ಮಾರುವ ನೆಸ್ಲೆ ಕಂಪನಿ ಮಾನನಷ್ಟದ ದಾವೆ ಹೂಡಿ 1976ರಲ್ಲಿ ಗೆದ್ದಿತು. ಗುಂಪಿನವರಿಗೆ ಬಿದ್ದ ದಂಡ ತಲಾ 300 ಫ್ರಾಂಕ್ ಅಷ್ಟೆ; ಜಗತ್ತಿಗೆಲ್ಲ ಸುದ್ದಿ ಹರಡಿದ್ದರಿಂದ ಕಂಪನಿಯ ಗೆಲುವೇ ಅದಕ್ಕೆ ದುಬಾರಿಯಾಯಿತೆಂಬುದು ನನ್ನ ಅಭಿಪ್ರಾಯ. ಮರುವರ್ಷ ಅಮೆರಿಕದ ಮಿನಿಯಾಪೊಲಿಸ್‌ನಿಂದ ನೆಸ್ಲೆ ಸರಕುಗಳ ಬಹಿಷ್ಕಾರ ಆರಂಭವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ (ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ಸಭೆ) ಇಂಥ ಮಾರಾಟಕ್ಕೆ ಕಟ್ಟುಪಾಡು ವಿಧಿಸುವ ಸಂಹಿತೆಯನ್ನು ಒಪ್ಪಿದಾಗ 118 ದೇಶಗಳು ಪರವಾಗಿದ್ದವು, ವಿರುದ್ಧ ಮತ ಹಾಕಿದ್ದು ಅಮೆರಿಕವೊಂದೇ. ಆ ಸಂಹಿತೆಯೇ ನಮ್ಮ ಕಾಯ್ದೆಗೆ ತಳಹದಿ. ಕಾಯ್ದೆ 1993ರ ಆಗಸ್ಟ್ 1ರಂದು ಜಾರಿಗೆ ಬಂದಿತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು.

ಮಗಳಿಗೆ ಇದನ್ನು ತಿಳಿಸಿ ಹೇಳಿ: ಆ ಸಾಲು ಅವಳನ್ನು ಗದರಿಸಲು ಬರೆಸಿದ್ದಲ್ಲ, ಮಾರುವವರ ಬಾಯಿ ಕಟ್ಟಲು ಬರೆಸಿದ್ದು. ಕಾಯ್ದೆ ನಿಷೇಧಿಸಿರುವುದು ಜಾಹೀರಾತನ್ನೂ ಬಿಟ್ಟಿ ಮಾದರಿಯನ್ನೂ ಹೊರತು ಪುಡಿಯ ಮಾರಾಟವನ್ನಲ್ಲ. ವೈದ್ಯರು ಹೇಳಿದ ಅಳತೆಯಲ್ಲಿ, ಕುದಿಸಿದ ನೀರಿನಲ್ಲಿ ಪುಡಿಹಾಲು ಕೊಡಲಿ; ಜೊತೆಗೆ ಪ್ರತಿ ಸಲವೂ ಮೊದಲು ಮಗುವನ್ನು ಎದೆಗೆ ಹಚ್ಚಲಿ.